ಕಿಡ್ನಿ ಸರಿಹೋದ ಸುದ್ದಿ

ದರ್ಜಿ ಹನ್ನೊಂದು ವರ್ಷದಿಂದ ಎಚ್‌ಐವಿಗೆ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದ. ಆಸ್ಪತ್ರೆಯವರನ್ನು ಬಿಟ್ಟರೆ ನರಪಿಳ್ಳೆಗೂ ಈ ವಿಷಯ ಗೊತ್ತಿರಲಿಲ್ಲ. ಈ ಸಲದ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿದ್ದು ಕಂಡು ಡಾಕ್ಟರಮ್ಮ, "ವೈರಸ್ಸೇನೋ ಹತೋಟಿಯಲ್ಲಿದೆ. ಆದ್ರೆ ಈ ಮಾತ್ರೆ ನಿಮ್ಮ ಕಿಡ್ನಿಗೆ ಒಗ್ತಿಲ್ಲ, ಬೇರೆ ಕೊಡ್ತೀನಿ. ಒಂದು ದಿನಾನೂ ತಪ್ಪಿಸಬೇಡಿ," ಎಂದರು. ಮೂರು ತಿಂಗಳು ಅವನು ಹೊಲಿಗೆ ಯಂತ್ರದ ಮುಂದೆ ಜೀವ ಕೈಯಲ್ಲಿ ಹಿಡಿದುಕೊಂಡು ಕಾದ.

ಕೊನೆಗೆ "ಕಿಡ್ನಿ ಸರಿಹೋಗಿದೆ" ಎಂದು ಡಾಕ್ಟರಮ್ಮ ನಕ್ಕಾಗ ಅವನಿಗೆ ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ದೂರದೂರಿನ ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ನನ್ನ ಕಿಡ್ನಿ ಸರಿಹೋಯ್ತು!"

"ಅಯ್ಯೋ, ಅದಕ್ಕೇನಾಗಿತ್ತೋ?"

"ಒಂದು ಮಾತ್ರೆ ಒಗ್ಗಿರಲಿಲ್ಲ."

"ಯಾವ ಮಾತ್ರೆ?"

ನಿಜ ನಾಲಿಗೆಯ ತುದಿವರೆಗೂ ಬಂತು. "ಸೊಂಟನೋವಿಂದು," ಎಂದುಬಿಟ್ಟ.

"ಮೂರು ಹೊತ್ತೂ ಕೂತು ಹೊಲಿದ್ರೆ ಇನ್ನೇನಾಗತ್ತೆ? ಒಂದು ಮಾತು ಹೇಳೋಕೆ ನಾನೇನು ಸತ್ತುಹೋಗಿದ್ನಾ?" ಎಂದು ಅಕ್ಕ ಬೈಯತೊಡಗಿದಳು. ಇಲ್ಲದ ಸೊಂಟನೋವಿಗೆ ಎಣ್ಣೆ ಹಚ್ಚು, ಬಿಸಿನೀರು ಹಾಕು ಎಂದಳು. ಅವನು ಎಲ್ಲದಕ್ಕೂ ಹೂಂಗುಟ್ಟುತ್ತ, ಅವಳು ಫೋನು ಇಡದಿದ್ದರೆ ಸಾಕೆಂದು ಕೂತೇ ಇದ್ದ.