ಅಯೋನಿಯ ಬೆರಳ ಪರೀಕ್ಷೆ

ಶನಿವಾರದ ಸೂಪು ಒಲೆಯ ಮೇಲೆ ಕುದಿಯುತ್ತಿತ್ತು. ಕುಂಬಳಕಾಯಿ, ಕೋಳಿಕಾಲು, ಹಿಟ್ಟಿನ ಉಂಡೆ ಎಲ್ಲ ಬಿದ್ದಾಗಿತ್ತು. ಇನ್ನು ಕಾಯುವುದೊಂದೇ ಕೆಲಸ. ಮೇಜಿನ ಮೇಲೆ ಎರಡು ರೆಸಾರ್ಟುಗಳ ಬಣ್ಣದ ಹಾಳೆ ಹರಡಿಕೊಂಡು ಅಯೋನಿ ಮತ್ತು ಅವಳ ಗಂಡ ಲ್ಯಾಸೆಲ್ಸ್ ವಾದಕ್ಕೆ ಕೂತಿದ್ದರು. ಮದುವೆಯಾಗಿ ನಲವತ್ತು ವರ್ಷ. ಆಗಸ್ಟ್ ಒಂದರ ರಜೆಗೆ, ಅಂದರೆ ಗುಲಾಮಗಿರಿ ಕೊನೆಗೊಂಡ ದಿನದ ಹಬ್ಬಕ್ಕೆ, ಊಟ, ಕುಡಿತ, ಹಾಸಿಗೆ ಎಲ್ಲ ಸೇರಿದ ಜಾಗದಲ್ಲಿ ಮೂರು ದಿನ ಅತಿಥಿಗಳಾಗಿ ಮೆರೆಯಬೇಕೆಂದು ತೀರ್ಮಾನವಾಗಿತ್ತು. ಎಲ್ಲಿ ಎನ್ನುವುದೇ ತಕರಾರು.

ಜಮೈಕಾದ ಉತ್ತರ ಕರಾವಳಿಯ ಹೋಟೆಲುಗಳಲ್ಲಿ ಮೂವತ್ತೊಂದು ವರ್ಷ ಕೋಣೆ ಗುಡಿಸಿ ಒರೆಸಿದವಳು ಅಯೋನಿ. ಟವೆಲನ್ನು ಹಂಸದ ಹಾಗೆ ಮಡಚುವುದರಲ್ಲಿ ಎತ್ತಿದ ಕೈ. ಆ ಹಾಸಿಗೆಗಳಲ್ಲಿ ಮಾತ್ರ ಒಂದು ದಿನವೂ ಮಲಗಿದವಳಲ್ಲ. ಹಾಗಾಗಿ ಅವಳ ಷರತ್ತು ಒಂದೇ: ಖುದ್ದಾಗಿ ಹೋಗಿ ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಬೇಕು, ಧೂಳು ಹತ್ತಿದರೆ ಆ ಜಾಗ ಬೇಡ. ಬಸ್ಸು ಓಡಿಸಿ ನಿವೃತ್ತನಾದ ಲ್ಯಾಸೆಲ್ಸ್‌ಗೆ ಎಷ್ಟು ಬಗೆ ಮಾಂಸ, ಎಷ್ಟು ಬಗೆ ರಮ್ ಎಂದು ಗೊತ್ತಾದರೆ ಸಾಕಿತ್ತು.

ಸೋಮವಾರ ಮೊದಲು ದೊಡ್ಡ ರೆಸಾರ್ಟಿಗೆ ಹೋದರು. ಅಯೋನಿ ಕೊನೆಗೆ ಕೆಲಸ ಬಿಟ್ಟದ್ದು ಅಲ್ಲಿಂದಲೇ. ಸ್ವಾಗತದ ಮೇಜಿನ ಹುಡುಗಿ ಡೇನಿಕ್ ಗುರುತು ಹಿಡಿದು ಅಕ್ಕರೆಯಿಂದ ಕೋಣೆ ತೋರಿಸಿದಳು. ಚೌಕಟ್ಟು ಮುಟ್ಟಿದ ಬೆರಳು ಸ್ವಚ್ಛವಾಗಿಯೇ ಬಂತು. ಲ್ಯಾಸೆಲ್ಸ್ ಏಳು ಅಡುಗೆಮನೆ ಎಣಿಸಿ ಹಿಗ್ಗಿಹೋದ.

ಕಡಲತೀರದಲ್ಲಿ ಮರಳಿನಿಂದ ನೀರಿನವರೆಗೆ ಹಗ್ಗ ಎಳೆದಿತ್ತು, ಪಕ್ಕದಲ್ಲಿ ಕಾವಲುಗಾರ. ಆಗಸ್ಟ್ ಒಂದರಂದು ಊರೆಲ್ಲ ಸಮುದ್ರಸ್ನಾನಕ್ಕೆ ಬಂದರೂ ಹಗ್ಗ ದಾಟುವುದಿಲ್ಲ, ಯಾರ ಕಾಟವೂ ಇರುವುದಿಲ್ಲ ಎಂದು ಡೇನಿಕ್ ಭರವಸೆ ಕೊಟ್ಟಳು.

"ಆ ಊರವರು ನಾವೇ ಅಲ್ವೇನಮ್ಮ?" ಎಂದಳು ಅಯೋನಿ.

"ಕೈಗೆ ಹೋಟೆಲಿನ ಗುರುತಿನ ಪಟ್ಟಿ ಕಟ್ಟಿದ್ಮೇಲೆ ನೀವು ಅತಿಥಿಗಳು, ಮಿಸ್ ಅಯೋನಿ. ಅತಿಥಿಗಳು ಬೇಜಾರಾಗಿ ಬರೋದು ಬಿಟ್ರೆ ನಮ್ಮ ಕೆಲಸ ಹೋಗುತ್ತೆ. ನಿಮಗೆ ಗೊತ್ತಿಲ್ದೇ ಇರೋದಾ?"

ಗೊತ್ತಿತ್ತು. ಆ ಹುಡುಗಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅಯೋನಿಯ ಕಣ್ಣು ಹಗ್ಗದ ಆಚೆ ಹೋಗಿತ್ತು. ಅಲ್ಲಿ ಹುರಿದ ಮೀನಿನ ತಟ್ಟೆ ಹೊತ್ತು ನಿಂತವಳು ಅವಳ ಅಕ್ಕ ಮರ್ಲೀನ್. ಎಷ್ಟೋ ವರ್ಷದ ಹಿಂದೆ ಅತಿಥಿಯೊಬ್ಬಳು ಮೀನಿನ ವಾಸನೆ ಎಂದು ದೂರಿದಾಗ, ಸಮವಸ್ತ್ರ ತೊಟ್ಟ ಅಯೋನಿಯೇ ಇದೇ ಹಗ್ಗದ ಬಳಿ ಬಂದು, ಗುರುತಿಲ್ಲದವರ ಹಾಗೆ ಅಕ್ಕನನ್ನು ಹಿಂದೆ ಸರಿಸಿದ್ದಳು. ಮರ್ಲೀನ್ ತಟ್ಟೆ ಎತ್ತಿಕೊಂಡು ಸರಿದಿದ್ದಳು. ಅವತ್ತು ಸಂಜೆಯೂ ಎಂದಿನಂತೆ ತಂಗಿಯ ಮನೆಗೆ ಮೀನು ಕಳಿಸಿದ್ದಳು. ಆ ಮೀನು ನೆನಪಾಗಿ ಅಯೋನಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು.

ಎರಡನೆಯದು ಪಕ್ಕದ ಕೊಲ್ಲಿಯಲ್ಲಿತ್ತು. ಹನ್ನೆರಡು ಕೋಣೆ, ಒಂದೇ ಅಡುಗೆಮನೆ, ಹಗ್ಗವಿಲ್ಲ. ಒಡತಿ ಮಿಸ್ ಪ್ಯಾನ್ಸಿ ಇದ್ದದ್ದು ಇದ್ದ ಹಾಗೆ ಹೇಳಿದಳು: ಆಗಸ್ಟ್ ಒಂದಕ್ಕೆ ಊರವರೆಲ್ಲ ಇಲ್ಲೇ ಬಂದು ಬೀಳುತ್ತಾರೆ, ತಮಟೆ ಸದ್ದಿಗೆ ನಿದ್ದೆ ಬರುವುದಿಲ್ಲ, ಶುಕ್ರವಾರದ ಮೀನು ಮಾತ್ರ ಮರ್ಲೀನ್‌ದೇ, ಅದಕ್ಕೆ ಮೋಸವಿಲ್ಲ.

ಅಯೋನಿ ಚೌಕಟ್ಟಿನ ಮೇಲೆ ಬೆರಳಾಡಿಸಿದಳು. ಬೆರಳು ಕಪ್ಪಗಾಯಿತು. ಮಿಸ್ ಪ್ಯಾನ್ಸಿ ನೆಲ ನೋಡಿದಳು. ಲ್ಯಾಸೆಲ್ಸ್‌ನ ಮುಖ ಅರಳಿತು.

"ಆಯ್ತಲ್ಲ, ನಡಿ. ಏಳು ಅಡುಗೆಮನೆ ಕಾಯ್ತಾ ಇವೆ."

ಅಯೋನಿ ಬೆರಳನ್ನು ತನ್ನ ಲಂಗಕ್ಕೆ ಒರೆಸಿಕೊಂಡಳು. "ಮೂರು ದಿನಕ್ಕೆ ಬರ್ಕೊಳ್ಳಿ, ಮಿಸ್ ಪ್ಯಾನ್ಸಿ. ಶುಕ್ರವಾರ ನಮ್ಮಕ್ಕ ಮೀನು ತಂದ್ರೆ ಹಾಗೇ ಕಳಿಸ್ಬೇಡಿ. ನಮ್ಮ ಮೇಜಲ್ಲಿ ಇನ್ನೊಂದು ಕುರ್ಚಿ ಹಾಕಿ, ಅವಳು ಕೂತ್ಕೊಳ್ಳಲಿ, ನಾನು ಬಡಿಸ್ತೀನಿ."

"ಮತ್ತೆ ಈ ಧೂಳು?" ಲ್ಯಾಸೆಲ್ಸ್ ಕೊನೆಯ ಆಸೆಯಿಂದ ಕೇಳಿದ.

"ಒರೆಸೋ ಬಟ್ಟೆ ನಾನೇ ತರ್ತೀನಿ."