ಕೆಂಪು ಗೆರೆ ಮೂಡದ ದಿನ

ಬಿಳಿ ಪುಡಿಯ ಮೇಲೆ ನಿಧಾನವಾಗಿ ಮೂಡುವ ಕೆಂಪು ಗೆರೆಗಾಗಿ ಕಾಯುವುದೇ ಆ ವರ್ಷ ನನ್ನ ಕೆಲಸವಾಗಿತ್ತು. ಕಾರಿನಿಂದ ಬಿಚ್ಚಿದ ಲೋಹದ ತುಂಡನ್ನು ತೊಳೆದು ಒಣಗಿಸಿ, ಅದಕ್ಕೆ ನೀರಿನಷ್ಟು ತೆಳುವಾದ ಕೆಂಪು ಬಣ್ಣ ಹಚ್ಚುತ್ತಿದ್ದೆ. ಇಪ್ಪತ್ತು ನಿಮಿಷ ಬಿಟ್ಟು ಅದನ್ನು ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಿದ್ದೆ. ಕಣ್ಣಿಗೆ ಕಾಣದ ಬಿರುಕೇನಾದರೂ ಇದ್ದರೆ, ಅದರೊಳಗೆ ಇಳಿದ ಬಣ್ಣ ಮೇಲೆದ್ದು ಬಂದು, ಚರ್ಮ ಗೀರಿದಾಗ ರಕ್ತ ಜಿನುಗುವ ಹಾಗೆ ಕಾಣಿಸಿಕೊಳ್ಳುತ್ತಿತ್ತು. ಗೆರೆ ಮೂಡಿದ ತುಂಡನ್ನು ಅಲ್ಲೇ ಸುತ್ತಿಗೆಯಿಂದ ಬಡಿದು ಮುರಿಯಬೇಕು. ಹಳೆಯ ಸಾಮಾನಿನ ಮೇಲಿನ ಆಸೆಗೆ ಯಾರೂ ಅದನ್ನು ಮತ್ತೆ ಜೋಡಿಸಬಾರದೆಂದು ಗುರುಸಿದ್ಧಣ್ಣ ಮಾಡಿದ್ದ ಕಟ್ಟಳೆ ಅದು.

ಗುರುಸಿದ್ಧಣ್ಣ ನಮ್ಮ ಕಡೆಯವನೇ. ಎರಕದ ಕಾರ್ಖಾನೆಗಳ ನಮ್ಮೂರಿನಿಂದ ಯುರೋಪಿನ ಆ ಸಣ್ಣ ಪಟ್ಟಣಕ್ಕೆ ಮೊದಲು ಹೋದವನು ಅವನು. ಎರಡು ವರ್ಷದ ಮೇಲೆ ನನ್ನನ್ನೂ ಕರೆಸಿಕೊಂಡ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಕೆಟ್ಟು ನಿಂತ ಎಂಜಿನ್ನಿನ ಪಕ್ಕ ಕೂತು, ಕಿವಿಗೊಟ್ಟು ಅದರ ರೋಗ ಹೇಳಬಲ್ಲವನಾಗಿದ್ದ. ಅವನ ಮಾತೆಂದರೆ ನನಗೆ ವೇದವಾಕ್ಯ, ಒಂದೇ ಒಂದು ದಿನ ಬಿಟ್ಟು.

ಒಂದು ಕಾಲದಲ್ಲಿ ಜಗತ್ತಿನ ದೊಡ್ಡ ಪಂದ್ಯಗಳಲ್ಲಿ ಓಡಿ, ಹಳತಾಯಿತೆಂದು ಮೂಲೆ ಸೇರಿದ್ದ ಫಾರ್ಮುಲಾ ಕಾರುಗಳನ್ನು ಕೊಂಡು, ಬೇಸಿಗೆಯುದ್ದಕ್ಕೂ ಊರೂರು ತಿರುಗಿ ಓಡಿಸುವ ಮಂಡಳಿಯೊಂದು ಅಲ್ಲಿತ್ತು. ಒಂಟಿ ಸೀಟು, ಮೈಯಿಂದ ಹೊರಗೆ ಚಾಚಿ ನಿಂತ ನಾಲ್ಕು ಬತ್ತಲೆ ಚಕ್ರ, ಚಾಲಕನ ಬೆನ್ನಿಗೇ ಅಂಟಿಕೊಂಡು ಅರಚುವ ಎಂಜಿನ್. ಕಾರುಗಳು ನಿವೃತ್ತವಾಗಿದ್ದವು. ಅವನ್ನು ಓಡಿಸುತ್ತಿದ್ದ ಗಂಡಸರಿಗೆ ಮಾತ್ರ ಆ ಬುದ್ಧಿ ಬಂದಿರಲಿಲ್ಲ.

ಅವರಲ್ಲೊಬ್ಬನಾದ ನಮ್ಮ ಯಜಮಾನ ಓಟ್ಮಾರ್‌ಗೆ ಆಗ ಅರವತ್ತೊಂದು. ಇಟ್ಟಿಗೆ ಭಟ್ಟಿಯ ಮಾಲೀಕ; ಮಾತು ಒರಟು, ಕೈ ಇನ್ನೂ ಒರಟು. ಅವನ ಬದ್ಧವೈರಿ ಕೊರ್ನೆಲ್ ಅದೇ ಪಟ್ಟಣದ ದನದ ಡಾಕ್ಟರು, ಅವನ ಬಾಲ್ಯದ ಗೆಳೆಯ ಕೂಡ. ಮೊದಲ ಪಂದ್ಯದಲ್ಲಿ ಕೊರ್ನೆಲ್ ನಮ್ಮ ಕಾರಿನ ಮೂತಿ ಕಿತ್ತುಹಾಕಿದ. ಎರಡನೆಯದರಲ್ಲಿ ಓಟ್ಮಾರ್ ಅವನನ್ನು ಬೇಕೆಂದೇ ಮರಳಿನ ಗುಂಡಿಗೆ ನೂಕಿದ. ಆಮೇಲೆ ಇಬ್ಬರೂ ನಮ್ಮ ಡೇರೆಯ ಹಿಂದೆ ಕೈ ಕೈ ಮಿಲಾಯಿಸಿದರು. ಓಟ್ಮಾರ್ ಒಂದು ಹಲ್ಲು ಉಗಿದ. ಒಂದು ತಾಸಿನ ನಂತರ ನೋಡಿದರೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಬ್ರೆಡ್ಡು ಹಂಚಿಕೊಂಡು ತಿನ್ನುತ್ತಿದ್ದರು.

"ಇವರಿಗೆ ಹುಚ್ಚೇನಣ್ಣಾ?" ಎಂದು ಕೇಳಿದೆ.

"ಹುಚ್ಚಲ್ಲೋ, ಪ್ರೀತಿ. ಪ್ರೀತಿ ಮಾಡಾಕ ಬ್ಯಾರೆ ದಾರಿ ಗೊತ್ತಿಲ್ಲ ಇವಕ್ಕ," ಎಂದ ಗುರುಸಿದ್ಧಣ್ಣ. "ಆದ್ರ ಗಾಲಿಗೆ ಗಾಲಿ ತಾಗಿಸೋ ಆಟ ಚಲೋದಲ್ಲ. ತಿರುಗೋ ಗಾಲಿ ಮ್ಯಾಲೆ ತಿರುಗೋ ಗಾಲಿ ಹತ್ತಿತಂದ್ರ ಕಾರು ಗಾಳಿಗೇ."

ಹಾಗೆ ಕಾರುಗಳು ಗಾಳಿಗೆ ಹೋದದ್ದನ್ನು ಆ ಬೇಸಿಗೆಯಲ್ಲೇ ಎರಡು ಸಲ ಕಂಡೆ. ಮೂರನೆಯ ಪಂದ್ಯದಲ್ಲಿ ಒಬ್ಬನ ಎರಡೂ ಮೊಣಕಾಲು ಪುಡಿಯಾದವು. ನಾಲ್ಕನೆಯದರಲ್ಲಿ ಇನ್ನೊಬ್ಬನ ಕೈಗವಸಿನ ಜೊತೆಗೇ ಅಂಗೈಯ ಚರ್ಮ ಸುಲಿದು ಬಂತು. ಅವನು ಅರಚುತ್ತಿದ್ದಾಗ ಅದೇ ದಿನದ ಇನ್ನೊಂದು ಪಂದ್ಯದ ಕಾರುಗಳು ಸಾಲುಗಟ್ಟುತ್ತಿದ್ದವು. ನನಗೆ ಅಸಹ್ಯವಾಗಬೇಕಿತ್ತು. ಆಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆ ಸದ್ದು, ಆ ಸುಟ್ಟ ರಬ್ಬರಿನ ವಾಸನೆ ನನ್ನ ನೆತ್ತಿಗೇರಿತ್ತು.

ಓಟ್ಮಾರ್‌ಗೆ ಹೊಳಪಿನ ಗೀಳು. "ಚಕ್ರ ಬಿಚ್ಚಿದರೆ ಒಳಗಿನ ಲೋಹದಲ್ಲಿ ನನ್ನ ಹಲ್ಲು ಕಾಣಬೇಕು," ಎಂದು ಬಾಯಿ ತೆರೆದು ತೋರಿಸಿ, "ಉಳಿದಿರುವಷ್ಟು," ಎನ್ನುತ್ತಿದ್ದ. ನಾನು ಹೊಗಳಿಕೆಗೆ ಕರಗುವ ಜಾತಿಯವನು. ಐದನೆಯ ಪಂದ್ಯದ ವಾರ, ಮುಂದಿನ ಎಡಚಕ್ರವನ್ನು ಕಾರಿಗೆ ಹಿಡಿದು ನಿಲ್ಲಿಸುವ ಅಪ್‌ರೈಟ್ ಎಂಬ ಎರಕದ ತುಂಡನ್ನು ಬಿಚ್ಚಿ, ತಿಕ್ಕಿ ತಿಕ್ಕಿ ಕನ್ನಡಿ ಮಾಡಿದೆ. ಓಟ್ಮಾರ್ ಅದನ್ನು ಎತ್ತಿ ಹಲ್ಲು ನೋಡಿಕೊಂಡು ನನ್ನ ಬೆನ್ನು ತಟ್ಟಿದ. ಆಮೇಲೆ ಬಣ್ಣ ಹಚ್ಚಿದೆ, ಒರೆಸಿದೆ, ಪುಡಿ ಸಿಂಪಡಿಸಿದೆ. ಕೆಂಪು ಗೆರೆ ಮೂಡಲಿಲ್ಲ. ಖುಷಿಯಿಂದ ಜೋಡಿಸಿದೆ.

ಪಂದ್ಯದ ಒಂಬತ್ತನೆಯ ಸುತ್ತು. ಉದ್ದನೆಯ ನೇರ ದಾರಿಯ ಕೊನೆಯ ತಿರುವಿಗೆ ಓಟ್ಮಾರ್ ಮತ್ತು ಕೊರ್ನೆಲ್ ಅಕ್ಕಪಕ್ಕದಲ್ಲೇ ಬಂದರು. ಗಾಲಿಗೆ ಗಾಲಿ ತಾಗಿದ್ದನ್ನು ಎಲ್ಲರೂ ಕಂಡರು. ನಮ್ಮ ಕಾರು ಕೊರ್ನೆಲ್‌ನ ಚಕ್ರ ಹತ್ತಿ, ಮೂತಿ ಮೇಲೆ ಮಾಡಿ ಹಾರಿ, ಕಬ್ಬಿಣದ ಕಂಬಕ್ಕೆ ಅಡ್ಡಲಾಗಿ ಬಡಿಯಿತು. ಎಂಜಿನ್ ಒಂದು ಕಡೆ ಬಿತ್ತು, ಸೀಟು ಇನ್ನೊಂದು ಕಡೆ. ಬಿದ್ದ ಮೇಲೂ ಎಂಜಿನ್ ಎರಡು ಕ್ಷಣ ಅರಚಿ ನಿಂತಿತು.

ನಾನೂ ಗುರುಸಿದ್ಧಣ್ಣನೂ ಬೇಲಿ ಹಾರಿ ಓಡಿದೆವು. ಓಟ್ಮಾರ್ ಸೀಟಿನಲ್ಲೇ ಇದ್ದ. ಅವನ ಕೊರಳು ತಿರುಗಬಾರದ ಕಡೆಗೆ ತಿರುಗಿತ್ತು. ಗುರುಸಿದ್ಧಣ್ಣ ಅವನ ಎದೆಯ ಮೇಲೆ ಕೈಯಿಟ್ಟು, ತೆಗೆದ. ಅಷ್ಟರಲ್ಲಿ ಕೊರ್ನೆಲ್ ತನ್ನ ಕಾರು ಬಿಟ್ಟು ಓಡಿಬಂದು, ಹೆಲ್ಮೆಟ್ ಕಿತ್ತೆಸೆದು ಮಂಡಿಯೂರಿದ.

"ನಾನು ಕೊಂದೆ," ಎಂದ. "ನಾನೇ ಕೊಂದೆ ಇವನನ್ನು."

ಗುರುಸಿದ್ಧಣ್ಣನಿಗೆ ಅಷ್ಟೇ ಸಾಕಾಯಿತು. ಕೊರಳಪಟ್ಟಿ ಹಿಡಿದೆತ್ತಿ ಮುಖಕ್ಕೆ ಹೊಡೆದ. ಬಿದ್ದವನ ಎದೆಯ ಮೇಲೆ ಕೂತು ಮತ್ತೆ ಹೊಡೆದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಕೊರ್ನೆಲ್ ಕೈ ಅಡ್ಡ ಹಿಡಿಯಲಿಲ್ಲ, ಮುಖ ತಿರುಗಿಸಲಿಲ್ಲ. ಸಲ್ಲಬೇಕಾದದ್ದನ್ನು ಸ್ವೀಕರಿಸುವವನಂತೆ ಮಲಗಿದ್ದ. ಅವನ ಎಡಗಣ್ಣಿನ ಬಿಳಿಯಲ್ಲಿ ಕೆಂಪು ಗೆರೆಯೊಂದು ಮೂಡಿ, ಹರಡಿ, ಕಣ್ಣನ್ನೆಲ್ಲ ತುಂಬಿತು.

ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ನನ್ನ ಕಾಲ ಬಳಿ ನಮ್ಮ ಕಾರಿನ ಮುಂದಿನ ಎಡಚಕ್ರ ಬಿದ್ದಿತ್ತು. ಅದಕ್ಕೆ ಅಂಟಿಕೊಂಡಿದ್ದ ಅಪ್‌ರೈಟ್ ಎರಡಾಗಿ ಮುರಿದಿತ್ತು. ಮುರಿದ ಜಾಗದಲ್ಲಿ ಅರ್ಧ ಲೋಹ ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಆಗಷ್ಟೇ ಮುರಿದದ್ದು ಅದು. ಇನ್ನರ್ಧ ಚಹಾದ ಚರಟದಂತೆ ಕಪ್ಪಾಗಿತ್ತು. ಅಂದರೆ ಅಲ್ಲಿ ಬಿರುಕು ತಿಂಗಳುಗಟ್ಟಲೆಯಿಂದ ಇತ್ತು. ಗಾಲಿ ತಾಗುವ ಕ್ಷಣಕ್ಕೆ ಮೊದಲೇ ಈ ಚಕ್ರ ವಾಲಿದ್ದನ್ನು ಕಂಡದ್ದು ಈಗ ನೆನಪಾಯಿತು. ಚಕ್ರ ತಾಗಿದ್ದರಿಂದ ಇದು ಮುರಿದಿರಲಿಲ್ಲ. ಇದು ಮುರಿದು ಚಕ್ರ ವಾಲಿದ್ದರಿಂದ ಕಾರು ಕೊರ್ನೆಲ್‌ನ ಮೇಲೆ ಹೋಗಿತ್ತು.

ಕೂಗಿ ಹೇಳಬಹುದಿತ್ತು. "ಅಣ್ಣಾ, ಬಿಡು, ಅವನಲ್ಲ," ಎಂದರೆ ಸಾಕಿತ್ತು. ನಾನು ಕೂಗಲಿಲ್ಲ. ಏಟುಗಳನ್ನು ಎಣಿಸಿದೆ. ನಾನು ಎಣಿಸಲು ತೊಡಗಿದ ಮೇಲೆಯೇ ಹನ್ನೊಂದು ಬಿದ್ದವು. ಜನ ಬಂದು ಗುರುಸಿದ್ಧಣ್ಣನನ್ನು ಎಳೆಯುತ್ತಿದ್ದಾಗ, ನಾನು ಮುರಿದ ತುಂಡನ್ನು ಕಳಚಿ ಅಂಗಿಯೊಳಗೆ ಹಾಕಿಕೊಂಡೆ.

ತಪ್ಪು ಕೊರ್ನೆಲ್‌ನದೆಂದು ಮಂಡಳಿ ಬರೆದುಕೊಂಡಿತು. ಅವನ ದವಡೆ ಎರಡು ಕಡೆ ಮುರಿದಿತ್ತು. ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರು. ಪೊಲೀಸರು ದೂರು ಕೇಳಿದಾಗ, "ಅವನು ಹೊಡೆದದ್ದು ಸರಿ" ಎಂದು ಚೀಟಿಯಲ್ಲಿ ಬರೆದುಕೊಟ್ಟನಂತೆ. ಎರಡು ಬೆರಳು ಮುರಿದುಕೊಂಡು ಕೈಗೆ ಪಟ್ಟಿ ಸುತ್ತಿಸಿಕೊಂಡಿದ್ದ ಗುರುಸಿದ್ಧಣ್ಣ ಅದನ್ನು ಕೇಳಿ, "ಇನ್ನೆರಡು ಹಾಕಬೇಕಿತ್ತು," ಎಂದ. ತುಂಡು ನನ್ನ ಮಂಚದ ಕೆಳಗಿನ ಟ್ರಂಕಿನಲ್ಲಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಗುರುಸಿದ್ಧಣ್ಣನೇ ಸುದ್ದಿ ತಂದ. "ಆ ದನದ ಡಾಕ್ಟರು ಊಟ ಬಿಟ್ಟಾನಂತ. ನಳಿಗಿ ಹಾಕಿದ್ರ ಕಿತ್ತು ಒಗೀತಾನಂತ. ಹಿಂಗಾ ಆದ್ರ ನಾಕು ದಿನಾನೂ ಉಳಿಯಂಗಿಲ್ಲಂತ." ಕೈಯ ಪಟ್ಟಿ ಸರಿಮಾಡಿಕೊಂಡು, "ಹೋಗ್ಲಿ," ಎಂದ. ಆದರೆ ಆ ಮಾತಿನಲ್ಲಿ ಮೊದಲಿನ ಬಿರುಸು ಇರಲಿಲ್ಲ.

ನಾನು ಕೋಣೆಗೆ ಹೋಗಿ ತುಂಡನ್ನು ತಂದು ಅವನ ಮುಂದಿಟ್ಟೆ. ಅವನು ಅದನ್ನು ಎಡಗೈಯಲ್ಲೇ ತಿರುಗಿಸಿ ತಿರುಗಿಸಿ ನೋಡಿದ. ಕಪ್ಪು ಭಾಗದ ಅಂಚಿನ ಮೇಲೆ ಉಗುರು ಆಡಿಸಿದ.

"ತಿಕ್ಕೀದಿ ಇದನ್ನ," ಎಂದ.

"ಹೌದಣ್ಣಾ."

"ಬಣ್ಣ ಹಚ್ಚೋಕಿಂತ ಮೊದಲ."

"ಹೌದು."

"ತಿಕ್ಕಿದ್ರ ಲೋಹ ಸವರಿಕೊಂಡು ಬಿರುಕಿನ ಬಾಯಿ ಮುಚ್ಚತೈತಿ, ಬಣ್ಣ ಒಳಗ ಇಳಿಯಂಗಿಲ್ಲ ಅಂತ ಎಷ್ಟು ಸಲ ಹೇಳೀನಿ ನಿನಗ?"

ಕೈ ತಪ್ಪು ಯಾರಿಗಾದರೂ ಆಗುತ್ತದೆ ಎಂದು ಅವನು ಹೇಳಲೆಂದು, ನಾಚಿಕೆಯಿಲ್ಲದೆ, ಆಸೆಪಟ್ಟೆ.

"ಯಾವಾಗ ಗೊತ್ತಾತು?"

"ಅವತ್ತೇ."

"ಅವತ್ತು ಯಾವಾಗ?"

"ನೀ ಹೊಡೀತಿದ್ದಾಗ."

ಅವನು ಪಟ್ಟಿ ಸುತ್ತಿದ ಬಲಗೈಯಿಂದಲೇ ನನ್ನ ಕೆನ್ನೆಗೆ ಹೊಡೆದ. ನಾನು ಮೇಜಿನ ಮೇಲೆ ಬಿದ್ದೆ. ಬಾಯಲ್ಲಿ ರಕ್ತದ ರುಚಿ ಬಂತು. ಅವನು ಮುರಿದ ಬೆರಳಿನ ನೋವಿಗೆ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತ. ಆಮೇಲೆ ಅತ್ತ. ಅವನು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಅಂವ ಕೈ ಎತ್ತಲಿಲ್ಲೋ," ಎಂದ. "ಒಂದ ಸಲ ಕೂಡ ಕೈ ಎತ್ತಲಿಲ್ಲ."

ಮಧ್ಯಾಹ್ನ ಇಬ್ಬರೂ ಆಸ್ಪತ್ರೆಗೆ ಹೋದೆವು. ನಾನು ತುಂಡನ್ನು ಕೊರ್ನೆಲ್‌ನ ಕೈಗೆ ಕೊಟ್ಟು, ಆದದ್ದನ್ನೆಲ್ಲ ಹೇಳಿದೆ, ಹನ್ನೊಂದು ಏಟಿನ ಲೆಕ್ಕವನ್ನೂ ಬಿಡದೆ. ಅವನು ಕಪ್ಪು ಭಾಗವನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದ. ಇದ್ದಕ್ಕಿದ್ದಂತೆ ನನ್ನ ಕೊರಳು ಹಿಡಿದು ಬಗ್ಗಿಸಿದ. ತಂತಿ ಬಿಗಿದ ಹಲ್ಲುಗಳ ನಡುವಿನಿಂದ ಹೊರಟದ್ದು ಮಾತಲ್ಲ, ಕೊಟ್ಟಿಗೆಯಲ್ಲಿ ಕೇಳುವಂಥ ಸದ್ದು. ನನಗೆ ಉಸಿರು ಕಟ್ಟಿತು. ನಾನೂ ಕೈ ಎತ್ತಲಿಲ್ಲ, ಆದರೆ ಅದರಲ್ಲಿ ದೊಡ್ಡತನವೇನೂ ಇರಲಿಲ್ಲ. ಕೊನೆಗೆ ಅವನ ಬೆರಳುಗಳು ತಾವಾಗಿಯೇ ಸಡಿಲವಾದವು. ಗೋಡೆಯ ಕಡೆಗೆ ತಿರುಗಿ ಮಲಗಿದ. ಗುರುಸಿದ್ಧಣ್ಣ ನನ್ನತ್ತ ನೋಡದೆ ಬಾಗಿಲು ತೋರಿಸಿದ.

ಮರುದಿನ ಮಂಡಳಿಗೆ ಎಲ್ಲವನ್ನೂ ಬರೆದುಕೊಟ್ಟೆ. ಕೊರ್ನೆಲ್‌ನ ಹೆಸರಿನ ಮೇಲಿನ ಕಳಂಕ ಹೋಯಿತು, ನನ್ನ ಕೆಲಸ ಹೋಯಿತು, ಅದು ನ್ಯಾಯವೇ. ಆದರೆ ಆ ವರ್ಷವೆಂದರೆ ನನ್ನ ಕಣ್ಣಿಗೆ ಬರುವುದು ಆ ಮಧ್ಯಾಹ್ನ, ಆಸ್ಪತ್ರೆಯ ಓಣಿಯಲ್ಲಿ ನಿಂತು ಅರ್ಧ ತೆರೆದ ಬಾಗಿಲಿನಿಂದ ಕಂಡದ್ದು. ನರ್ಸ್ ಕೊರ್ನೆಲ್‌ನನ್ನು ಅಂಗಾತ ಹೊರಳಿಸಿ, ಒಂದು ಬಟ್ಟಲು ತಿಳಿಸಾರನ್ನೂ ನಳಿಗೆಯನ್ನೂ ಇಟ್ಟು ಹೋದಳು. ಗುರುಸಿದ್ಧಣ್ಣ ಪಟ್ಟಿ ಸುತ್ತಿದ ಕೈಯನ್ನು ಬಟ್ಟಲಿನ ಕೆಳಗೆ ಆನಿಸಿ, ಇನ್ನೊಂದರಿಂದ ನಳಿಗೆಯನ್ನು ಆ ಬಾತ ತುಟಿಗಳ ಹತ್ತಿರ ಹಿಡಿದ. ಬಟ್ಟಲು ವಾಲಿ ಸಾರು ಹಾಸಿಗೆಯ ಮೇಲೆ ಚೆಲ್ಲಿತು. ಅವನು ಅದನ್ನು ತೋಳಿನಿಂದ ಒರೆಸಿ ಮತ್ತೆ ಹಿಡಿದ. ಕೊರ್ನೆಲ್ ಬಹಳ ಹೊತ್ತು ಸೂರು ನೋಡುತ್ತಿದ್ದು, ಆಮೇಲೆ ತುಟಿ ತೆರೆದ. ಸಾರು ನಳಿಗೆಯಲ್ಲಿ ಸ್ವಲ್ಪ ಮೇಲೇರಿ, ನಿಂತು, ಇನ್ನೂ ಸ್ವಲ್ಪ ಏರಿತು. ಇಬ್ಬರಿಗೂ ನಾನು ಅಲ್ಲಿರುವುದು ಗೊತ್ತಿತ್ತು. ಇಬ್ಬರೂ ನನ್ನನ್ನು ಒಳಗೆ ಬಾ ಎನ್ನಲಿಲ್ಲ.