ಬಲಗಾಲು

ಕನ್ನಡಕದ ಅಂಗಡಿಯಲ್ಲಿ ಗದ್ದವನ್ನು ಯಂತ್ರದ ಮೇಲಿಟ್ಟು ಆ ವೃದ್ಧರು ಕೆಳಗಿನ ಸಾಲಿನ ಅಕ್ಷರ ಓದುತ್ತಿದ್ದಾಗ ಹಿಂದಿನ ಕೋಣೆಯಿಂದ ಆ ಸದ್ದು ಬಂತು. ಹನ್ನೆರಡು ಸಿಲಿಂಡರಿನ ಎಂಜಿನ್ ನೆಲದ ಮೇಲೆ ನಿಂತು ಬಿಸಿಯಾಗುವ ಸದ್ದು. ಅದನ್ನು ಕೇಳಿ ಐವತ್ತೈದು ವರ್ಷವಾಗಿತ್ತು. ಓದುವುದನ್ನು ಅರ್ಧಕ್ಕೇ ಬಿಟ್ಟು ಅವರು ಎದ್ದು ನಿಂತರು.

ಅಂಗಡಿಯಾಕೆ ನಾಚಿಕೊಂಡಳು. ಗಿರಾಕಿ ಬಂದ ಗಡಿಬಿಡಿಯಲ್ಲಿ ಆರಿಸುವುದನ್ನು ಮರೆತೆ ಎಂದು ಪರದೆ ಸರಿಸಿ ತೋರಿಸಿದಳು. ಚೌಕಟ್ಟುಗಳ ಡಬ್ಬಿ, ಗಾಜು ಉಜ್ಜುವ ಯಂತ್ರಗಳ ನಡುವೆ ಪ್ಲೈವುಡ್ಡಿನಲ್ಲಿ ಮಾಡಿದ ವಿಮಾನದ ಗೂಡು. ಹಳೇ ಕಾರಿನ ಸೀಟು, ಮುಂದೆ ಮೂರು ಕಂಪ್ಯೂಟರ್ ಪರದೆ, ಕೈಗೆ ಸ್ಟಿಕ್ಕು, ಎಡಕ್ಕೆ ಎಂಜಿನ್ನಿನ ವೇಗ ಏರಿಸುವ ಥ್ರಾಟಲ್, ಕಾಲಿಗೆ ಎರಡು ಪೆಡಲ್. ಚಿಕ್ಕಂದಿನಲ್ಲಿ ವಿಮಾನ ಹಾರಿಸುವ ಶಾಲೆಗೆ ಅರ್ಜಿ ಹಾಕಿದ್ದಳಂತೆ. ಎತ್ತರ ಸಾಲದು ಎಂದು ಬಾಗಿಲಲ್ಲೇ ವಾಪಸು ಕಳಿಸಿದ್ದರಂತೆ. "ಇಲ್ಲಿ ಅಳತೆಪಟ್ಟಿ ಹಿಡಿದು ಯಾರೂ ನಿಲ್ಲಲ್ಲ ನೋಡಿ," ಎಂದಳು.

ಪರದೆಯ ಮೇಲಿದ್ದದ್ದು ಅದೇ ವಿಮಾನ. ಬಾಲ ನೆಲಕ್ಕೆ, ಮೂತಿ ಆಕಾಶಕ್ಕೆ ಮಾಡಿ ನಿಲ್ಲುವ ಒಂಟಿ ಸೀಟಿನ ಫೈಟರ್. ಇಪ್ಪತ್ತನೇ ವಯಸ್ಸಿನಲ್ಲಿ ತಾವು ಅದರ ಮೆಕ್ಯಾನಿಕ್ ಆಗಿದ್ದುದನ್ನೂ ಒಂದೇ ವರ್ಷಕ್ಕೆ ಬಿಟ್ಟು ಉಳಿದ ಆಯುಷ್ಯವನ್ನೆಲ್ಲ ಲಾರಿ ಗ್ಯಾರೇಜಿನಲ್ಲಿ ಕಳೆದದ್ದನ್ನೂ ಅವರು ಹೇಳಿದರು. ಆಮೇಲೆ, ತಮಗೆ ಅದನ್ನು ನೆಲ ಬಿಡಿಸುವುದು ಹೇಳಿಕೊಡಲಾದೀತೇ ಎಂದು ಕೇಳಿದರು.

"ಇಳಿಸೋದು ಬೇಡವಾ ಯಜಮಾನ್ರೆ?"

"ಬೇಡಮ್ಮ. ಏಳೋದಷ್ಟು ಸಾಕು."

ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಅವತ್ತೇ ಬನ್ನಿ ಎಂದಳು.

ಮೊದಲ ಗುರುವಾರ ಹನ್ನೊಂದು ಸಲ ಹೊರಟು ಹನ್ನೊಂದು ಸಲವೂ ಎಡಗಡೆಯ ಹುಲ್ಲಿಗೆ ಬಿದ್ದರು. ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಆ ದೊಡ್ಡ ಪಂಖ ತಿರುಗುವ ರಭಸಕ್ಕೆ ವಿಮಾನದ ಮೂತಿ ಎಡಕ್ಕೆ ಎಳೆಯುತ್ತದೆ. ಅದನ್ನು ಬಲಗಾಲಲ್ಲಿ ಒತ್ತಿ ಹಿಡಿಯಬೇಕು. ಥ್ರಾಟಲನ್ನು ಹಾಲು ಕಾಯಿಸುವಾಗ ಉರಿ ಏರಿಸಿದ ಹಾಗೆ ಏರಿಸಬೇಕು. ಮೂತಿ ಅಡ್ಡ ಬರುವುದರಿಂದ ಮುಂದೆ ಏನೂ ಕಾಣದು, ಪಕ್ಕದ ಹುಲ್ಲಿನ ಅಂಚು ನೋಡಿಕೊಂಡೇ ನೇರ ಹೋಗಬೇಕು. ವೇಗ ಬಂದು ಬಾಲ ಎತ್ತಿದ ಗಳಿಗೆಯಲ್ಲಿ ಮೂತಿ ಇನ್ನೊಮ್ಮೆ ಎಡಕ್ಕೆ ಜಗ್ಗುತ್ತದೆ. ಆಗ ಕಾಲನ್ನು ಪೂರ್ತಿ ಒತ್ತಬೇಕು. ಅವರು ತಲೆಯಾಡಿಸಿದರು. ಇದೆಲ್ಲ ಅವರಿಗೆ ಹೊರಗಿನಿಂದ ಗೊತ್ತಿತ್ತು, ನಿಂತು ನೋಡಿದವನಿಗೆ ಗೊತ್ತಿರುವಷ್ಟು.

ಮೂರನೇ ಗುರುವಾರ ಮೊದಲ ಸಲ ಬಾಲ ಎದ್ದಿತು. ಅದೇ ಕ್ಷಣ ಬಲಗಿವಿಯ ಹತ್ತಿರ ಯಾರೋ "ತಮ್ಮಾ" ಎಂದರು. ಅವರು ಗಕ್ಕನೆ ತಿರುಗಿದರು. ವಿಮಾನ ಬೇಲಿಗೆ ಹೊಡೆಯಿತು. ಅಂಗಡಿಯಾಕೆ ನಿಂತಿದ್ದದ್ದು ಎಡಗಡೆ, ಅವಳು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದಳು. ಅವರನ್ನು ತಮ್ಮಾ ಎಂದು ಕರೆಯುವವರು ಈಗ ಯಾರೂ ಇರಲಿಲ್ಲ, ಅವರಿಗೆ ಎಪ್ಪತ್ತೈದು ದಾಟಿತ್ತು.

ಅಂದಿನಿಂದ ಬಾಲ ಎದ್ದಾಗಲೆಲ್ಲ ಆ ಒಂದು ಮಾತು. ಜೋರಾಗಿಯೂ ಅಲ್ಲ, ಕೋಪದಲ್ಲಿಯೂ ಅಲ್ಲ. ಏನೋ ತಂದುಕೊಡು ಎನ್ನುವ ಮೊದಲು ಕರೆದ ಹಾಗೆ. ಮನೆಯಲ್ಲಿ ಊಟಕ್ಕೆ ಕೂತರೆ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಸ್ನಾಯು ಹಿಡಿದುಕೊಂಡಿದೆಯಾ ಎಂದು ಮಗಳು ಎಣ್ಣೆ ಬಿಸಿ ಮಾಡಿ ತಂದಳು. ಅವರು ತಿಕ್ಕಿಸಿಕೊಂಡರು.

ಐದನೇ ಗುರುವಾರ ವಿಮಾನ ನೆಲ ಬಿಟ್ಟಿತು. ಬೇಲಿ, ಮರ, ಮನೆಗಳ ಸೂರು ಎಲ್ಲ ಕೆಳಗೆ ಜಾರಿದವು. ಅಂಗಡಿಯಾಕೆ ಚಪ್ಪಾಳೆ ತಟ್ಟಿದಳು. ಅವರ ಮುಖದಲ್ಲಿ ಮಾತ್ರ ಗೆದ್ದ ಕಳೆ ಇರಲಿಲ್ಲ. ಸೀಟಿನಿಂದ ಇಳಿದು, ತಾವು ಬಂದಾಗ ಅವಳು ತೆಗೆದು ಮೂಲೆಗಿಡುತ್ತಿದ್ದ ದಿಂಬಿನ ಕಡೆ ಕೈ ತೋರಿಸಿದರು.

"ಅದು ಬೆನ್ನ ಹಿಂದೆ ಇಲ್ಲದೆ ನೀವು ಒಂದ್ಸಲ ಏಳಿಸಿ ತೋರಿಸ್ತೀರಾ?"

ಅದಿಲ್ಲದಿದ್ದರೆ ಕಾಲು ಎಟುಕಲ್ಲ ಎಂದಳು ಅವಳು.

"ಗೊತ್ತಮ್ಮ. ಅದಕ್ಕೇ ಕೇಳಿದ್ದು."

ಆಗ ಅವರು ಯಾರಿಗೂ ಹೇಳದಿದ್ದುದನ್ನು ಹೇಳಿದರು. ಅವರು ನೋಡಿಕೊಳ್ಳುತ್ತಿದ್ದ ವಿಮಾನದ ಪೈಲಟ್ ಕುಳ್ಳಗಿನ ಹುಡುಗ, ಇಪ್ಪತ್ತನಾಲ್ಕರ ಪ್ರಾಯ. ಎಲ್ಲರೂ ಗುಬ್ಬಿ ಎನ್ನುತ್ತಿದ್ದರು, ಅವನೂ ನಗುತ್ತಿದ್ದ. ಅವನ ಬೆನ್ನಿಗೆ ನಾಲ್ಕಿಂಚಿನ ದಿಂಬು ಇಡುವುದು ಮೆಕ್ಯಾನಿಕ್‌ನ ಕೆಲಸ. ಹಿಂದಿನ ದಿನ ಅದರ ಮೇಲೆ ಎಣ್ಣೆ ಚೆಲ್ಲಿತ್ತು. ಇವರೇ ಅದನ್ನು ತೊಳೆದು, ವಿಮಾನ ನಿಲ್ಲಿಸುವ ಹ್ಯಾಂಗರಿನ ಹಿಂದೆ ಹಗ್ಗದ ಮೇಲೆ ಹಾಕಿ, ಮರೆತೇಬಿಟ್ಟರು. ಬೆಳಿಗ್ಗೆ ಎಂಜಿನ್ ಬಿಸಿಯಾಗಿ, ಚಕ್ರಕ್ಕಿಟ್ಟ ಅಡ್ಡಗಟ್ಟೆ ತೆಗೆಯುವ ಹೊತ್ತಿಗೆ ಗುಬ್ಬಿ ಮೇಲಿನಿಂದ ಬಗ್ಗಿ, "ತಮ್ಮಾ, ದಿಂಬೆಲ್ಲೋ?" ಎಂದ. ಓಡಿ ತರುತ್ತೇನೆ ಎಂದರು ಇವರು. ಉಳಿದ ಮೂರು ವಿಮಾನ ಹೊರಟಾಗಿತ್ತು. ಹೋಗಲಿ ಬಿಡು, ಇವತ್ತೊಂದು ದಿನ ಎಂದು ಅವನು ಕೈ ಬೀಸಿದ. ಇವರು ಅಡ್ಡಗಟ್ಟೆ ಎಳೆದರು.

ಬಾಲ ಎತ್ತಿದ ಕೂಡಲೇ ವಿಮಾನ ಎಡಕ್ಕೆ ತಿರುಗಿ ಪೆಟ್ರೋಲ್ ಟ್ಯಾಂಕರಿಗೆ ಹೊಡೆಯಿತು.

ವಿಚಾರಣೆಯಲ್ಲಿ ಇವರನ್ನು ಕೇಳಿದ್ದು ಒಂದೇ ಪ್ರಶ್ನೆ: ವಿಮಾನದಲ್ಲಿ ದೋಷವಿತ್ತೇ? ಇರಲಿಲ್ಲ ಎಂದರು. ಅದು ಸುಳ್ಳೇನಲ್ಲ. ಪೈಲಟ್ ಅವಸರದಿಂದ ಥ್ರಾಟಲ್ ಏರಿಸಿದ್ದೇ ಕಾರಣ ಎಂದು ವರದಿ ಬರೆದರು. ದಿಂಬಿನ ವಿಷಯ ಯಾರೂ ಕೇಳಲಿಲ್ಲ. ಒಣಗಿದ್ದ ಅದನ್ನು ಇವರು ತಾವೇ ಮಡಚಿ ಗುಬ್ಬಿಯ ಟ್ರಂಕಿನೊಳಗೆ ಹಾಕಿ ಅವನ ಮನೆಗೆ ಕಳಿಸಿದರು.

ಅಂಗಡಿಯಾಕೆ ಅಂಗಡಿಯ ಬಾಗಿಲು ಎಳೆದು ಬಂದು ಸೀಟಿನಲ್ಲಿ ಕೂತಳು. ದಿಂಬಿಲ್ಲದೆ ನಿಧಾನವಾಗಿ ಥ್ರಾಟಲ್ ಏರಿಸಿದಳು. ಸೀಟಿನ ತುದಿಗೆ ಜಾರಿ, ಕಾಲ್ಬೆರಳಲ್ಲಿ ಪೆಡಲ್ ತಳ್ಳಿ, ಹೇಗೋ ವಿಮಾನವನ್ನು ಏಳಿಸಿದಳು. ಅವಸರದಲ್ಲಿ ಏರಿಸಿದಾಗ ಆಗಲಿಲ್ಲ. ಆರು ಸಲ ಪ್ರಯತ್ನಿಸಿದಳು, ಆರು ಸಲವೂ ಮೂತಿ ಎಡಕ್ಕೇ ಹೋಯಿತು. ಆಮೇಲೆ ದಿಂಬಿಟ್ಟುಕೊಂಡು ಅಷ್ಟೇ ಅವಸರದಲ್ಲಿ ಏರಿಸಿದಳು. ವಿಮಾನ ತೂರಾಡಿತು, ಆದರೆ ಕಾಲಿನ ಹಿಡಿತಕ್ಕೆ ಸಿಕ್ಕಿತು, ನೆಲ ಬಿಟ್ಟಿತು.

ಇದು ಪ್ಲೈವುಡ್ಡು ಯಜಮಾನ್ರೆ, ಆಟದ ಸಾಮಾನು, ಇದನ್ನು ನಂಬಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಅವಳು ಬೇಡಿಕೊಂಡಳು. ಅವಸರ ಗುಬ್ಬಿಯದೇ, ಅದರಲ್ಲಿ ಸುಳ್ಳಿಲ್ಲ, ಆದರೆ ದಿಂಬಿದ್ದಿದ್ದರೆ ಬದುಕುತ್ತಿದ್ದ ಎಂದರು ಅವರು. ಹೊಸ ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಹೊರಟುಬಿಟ್ಟರು.

ಗುಬ್ಬಿಯ ತಂಗಿ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯ ಊರಲ್ಲಿದ್ದರು. ಟ್ರಂಕಿನ ಮೇಲೆ ಬರೆದ ವಿಳಾಸ ಅವರು ಮರೆತಿರಲಿಲ್ಲ. ಆಕೆ ಮನೆ ಬದಲಿಸಿದಾಗಲೂ ಅವರಿವರನ್ನು ಕೇಳಿ ತಿಳಿದುಕೊಂಡಿದ್ದರು. ಎರಡು ಸಲ ಆ ಬೀದಿಯ ತನಕ ಹೋಗಿ ಹಿಂದಿರುಗಿದ್ದೂ ಉಂಟು. ಆಕೆ ನಿವೃತ್ತ ಲೆಕ್ಕದ ಟೀಚರ್. ಮದುವೆಯಾಗಿರಲಿಲ್ಲ. ಇವರು ಹೋದಾಗ ಆಕೆ ಮನೆಪಾಠದ ಕರಿಹಲಗೆ ಒರೆಸುತ್ತಿದ್ದರು. ಕುರ್ಚಿಯಲ್ಲಿ ಕೂತರೆ ಆಕೆಯ ಪಾದವೂ ನೆಲಕ್ಕೆ ಪೂರ್ತಿ ತಾಕುತ್ತಿರಲಿಲ್ಲ.

ಎಲ್ಲ ಕೇಳಿದ ಮೇಲೆ ಟೀಚರ್ ಮೊದಲು ಕೇಳಿದ್ದು ದಿಂಬು ಎಷ್ಟು ಇಂಚು ದಪ್ಪ ಎಂದು. ಆಮೇಲೆ, ಎಷ್ಟು ಸಲ ಪರೀಕ್ಷೆ ಮಾಡಿದಿರಿ, ಎಷ್ಟು ಸಲ ತಪ್ಪಿತು. ಇವರು ಲೆಕ್ಕ ಒಪ್ಪಿಸಿದರು.

"ಆ ದಿಂಬು ಯಾರದೋ ಸಾಮಾನು, ತಪ್ಪಿ ಬಂದಿದೆ ಅಂದ್ಕೊಂಡಿದ್ವಿ," ಎಂದರು ಟೀಚರ್. "ಅಮ್ಮ ಬಿಡಲಿಲ್ಲ. ಸಾಯೋವರೆಗೂ ಅದರ ಮೇಲೇ ತಲೆಯಿಟ್ಟು ಮಲಗಿದ್ರು. ಎಣ್ಣೆ ವಾಸನೆ ಹೋಗಲೇ ಇಲ್ಲ."

ಅಪ್ಪನದು ಬೇರೆ ಕಥೆ. ವರದಿ ಓದಿದ ಮೇಲೆ ಅವರು ಮಗನ ಫೋಟೊವನ್ನು ಗೋಡೆಯಿಂದ ಇಳಿಸಿದರು. ಆಮೇಲೆ ಅವನ ಹೆಸರೆತ್ತಲಿಲ್ಲ. ಮಗಳು ಮೆಟ್ಟಿಲು ಓಡಿ ಇಳಿದರೆ, ನಿನಗೂ ಅವನ ಬುದ್ಧಿಯೇ ಎನ್ನುತ್ತಿದ್ದರು. ಟೀಚರ್ ಸೈಕಲ್ ಕಲಿಯಲಿಲ್ಲ. ನೀರಿಗಿಳಿಯಲಿಲ್ಲ. ಯಾವ ಲೆಕ್ಕವನ್ನೂ ಎರಡು ಸಲ ನೋಡದೆ ಮುಂದಕ್ಕೆ ಹೋದವರಲ್ಲ.

"ನೀವು ಆವತ್ತೇ ಬಾಯಿಬಿಟ್ಟಿದ್ರೆ ನಮ್ಮಪ್ಪ ಅವನ ಹೆಸರು ಹಿಡಿದು ಅಳ್ತಿದ್ರು. ಅಷ್ಟಾದ್ರೂ ಆಗ್ತಿತ್ತು."

"ಹೌದಮ್ಮ."

"ನಾನು ಕ್ಷಮಿಸ್ತೀನಿ ಅಂತ ಬಂದಿದ್ರೆ, ನನ್ನಿಂದ ಆಗಲ್ಲ."

ಅದಕ್ಕೆ ಬಂದಿಲ್ಲ ಎಂದರು ಅವರು. ಎದ್ದು ಚಪ್ಪಲಿ ಮೆಟ್ಟಿದರು. ಗೇಟಿನ ಹತ್ತಿರ ಹೋದಾಗ ಟೀಚರ್ ಹಿಂದಿನಿಂದ ಆ ಅಂಗಡಿ ಎಲ್ಲಿದೆ ಎಂದು ಕೇಳಿದರು.

ಮುಂದಿನ ಗುರುವಾರ ಟೀಚರ್ ಬಂದರು. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಸೀಟಿನಲ್ಲಿ ಕೂತಾಗ ಅಂಗಡಿಯಾಕೆ ಅದನ್ನು ಮೆಲ್ಲಗೆ ತೆಗೆದಿಟ್ಟು, ಬೆನ್ನಿಗೆ ಒಂದರ ಮೇಲೊಂದು ದಿಂಬು ಕೊಟ್ಟಳು. ಹೇಳಿಕೊಟ್ಟದ್ದು ಮಾತ್ರ ಮೆಕ್ಯಾನಿಕ್. ಅಂಚು ನೋಡಿ, ನಿಧಾನ, ಈಗ ಬಲಗಾಲು, ಇನ್ನೂ ಒತ್ತಿ. ಟೀಚರ್ ಪ್ರತಿ ಸಲ ಬಿದ್ದಾಗಲೂ ಎಲ್ಲಿ ತಪ್ಪಾಯಿತು ಎಂದು ಕೇಳಿ ತಿಳಿದುಕೊಂಡೇ ಮತ್ತೆ ಕೈ ಹಾಕುತ್ತಿದ್ದರು. ಬೆವರು ಕುತ್ತಿಗೆಗೆ ಇಳಿದರೂ ಫ್ಯಾನು ಬೇಡವೆಂದರು, ಎಂಜಿನ್ನಿನ ಸದ್ದು ಕೇಳಿಸುವುದಿಲ್ಲವಂತೆ.

ಹದಿನೇಳನೇ ಸಲ ಬಾಲ ಎದ್ದಿತು. ಮೆಕ್ಯಾನಿಕ್ ಆ ಕರೆಗಾಗಿ ಕಾದರು. ಅವರಿಗೆ ಏನೂ ಕೇಳಿಸಲಿಲ್ಲ. ಆದರೆ ಟೀಚರ್ ಮುಖವನ್ನು ಒಂದಿಷ್ಟು ಬಲಕ್ಕೆ ವಾಲಿಸಿದರು. ಒಳಕೋಣೆಯಿಂದ ಕರೆದವರಿಗೆ ಓಗೊಡುವಂತೆ ಮೆಲ್ಲಗೆ "ಹ್ಞೂಂ, ಬಂದೆ" ಎಂದರು. ಕಾಲು ಪೆಡಲ್ ಮೇಲೆ ಗಟ್ಟಿಯಾಗಿಯೇ ಇತ್ತು. ವಿಮಾನ ನೆಲ ಬಿಟ್ಟಿತು.

ಅಂಗಡಿಯಾಕೆ ಆ ಕಡೆ ತಿರುಗಿ ನೋಡಿದಳು. ಟೀಚರ್ ಮೇಲಕ್ಕೆ ಹೋಗುತ್ತಲೇ ಇದ್ದರು. ಮೋಡ ಕೆಳಗಾಯಿತು.

"ಇಳಿಸೋದು ಹೇಗೆ?"

ನನಗೆ ಗೊತ್ತಿಲ್ಲ, ನಾನು ಕಲಿಯಲಿಲ್ಲ ಎಂದರು ಮೆಕ್ಯಾನಿಕ್. ಪರವಾಗಿಲ್ಲ, ಆರಿಸಿಬಿಡೋಣ ಎಂದು ಅಂಗಡಿಯಾಕೆ ಸ್ವಿಚ್ಚಿನ ಕಡೆ ಕೈ ಚಾಚಿದಳು. ಟೀಚರ್ ಅವಳ ಮಣಿಕಟ್ಟು ಹಿಡಿದು ತಡೆದರು.

"ಆರಿಸ್ಬೇಡಿ. ಪೆಟ್ರೋಲ್ ಎಷ್ಟಿದೆ?"

ಅವಳು ಬಗ್ಗಿ ಮುಳ್ಳು ನೋಡಿ, ಒಂದೂವರೆ ಗಂಟೆಗೆ ಸಾಕು ಎಂದಳು. ಹಾಗಾದರೆ ಸಮಯವಿದೆ, ಇಳಿಸುವುದನ್ನು ಮೊದಲಿನಿಂದ ಹೇಳಿ ಎಂದರು ಟೀಚರ್. ಹೊರಗೆ ಯಾರೋ ಅಂಗಡಿಯ ಬಾಗಿಲು ತಟ್ಟುತ್ತಿದ್ದರು. ಯಾರೂ ಹೋಗಲಿಲ್ಲ. ಮೆಕ್ಯಾನಿಕ್ ಗಾಜು ಉಜ್ಜುವ ಯಂತ್ರದ ಮುಂದಿನ ಸ್ಟೂಲನ್ನು ಎಳೆದು ತಂದು, ತಾವೂ ಕಲಿಯಲೆಂದು ಟೀಚರ್ ಪಕ್ಕದಲ್ಲಿ ಕೂತರು.